ರುದ್ರಧುರಾ ಘಾಟಿಯನ್ನು ದಾಟಿದ ಹನ್ನೊಂದು ಮಂದಿ

ಹೈದರಾಬಾದಿನ ಮೂಸಿತೀರ ಕನ್ನಡ ಬಳಗದ ಹನ್ನೊಂದು ಮಂದಿ ಸದಸ್ಯರು ಹಿಮಾಲಯದ ರುದ್ರಧುರಾ ಘಾಟಿಯನ್ನು ಹತ್ತು ದಿನಗಳ ಕಾಲ್ನಡಿಗೆಯಲ್ಲಿ ದಾಟಿ, ಹದಿನೈದು ಸಾವಿರ ಅಡಿ ಎತ್ತರವನ್ನು ಮುಟ್ಟಿ, ಸುಖವಾಗಿ ಮರಳಿದ್ದಾರೆ. ಇದು ಬಳಗದ ನಡಾವಳಿ ಪುಸ್ತಕದ ನಲವತ್ತೆರಡನೇ ಪುಟದಲ್ಲಿ ಸಹಿಸಮೇತ ದಾಖಲಾಗಿದೆ. ಅವರು ಹೈದರಾಬಾದು ಬಿಟ್ಟು ಕದಲಲಿಲ್ಲ ಎಂಬುದು ಯಾವ ಪುಟದಲ್ಲೂ ದಾಖಲಾಗಿಲ್ಲವಾದ್ದರಿಂದ ಆ ವಿಷಯ ಇಲ್ಲಿ ಅಪ್ರಸ್ತುತ.

ಆದರೆ ಹನ್ನೆರಡನೆಯವರಾಗಿ ಹೆಸರು ಕೊಟ್ಟಿದ್ದ ಉಮಾಬಾಯಿಯವರ ಬಗ್ಗೆ ಕೆಲವು ತಪ್ಪು ಮಾತುಗಳು ಓಡಾಡುತ್ತಿವೆ. ಅವನ್ನು ನಿವಾರಿಸುವ ಸದುದ್ದೇಶದಿಂದ, ನಡೆದದ್ದನ್ನು ನಡೆದ ಕ್ರಮದಲ್ಲೇ ತಿಳಿಸಲಾಗುತ್ತಿದೆ.

ಉಮಾಬಾಯಿ ರಾಯಚೂರಿನ ಕಡೆಯವರು. ಮನೆ ಮಲ್ಕಾಜ್‌ಗಿರಿಯಲ್ಲಿ. ರೈಲ್ವೆಯ ರಿಸರ್ವೇಷನ್ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು ಊರಿನವರಿಗೆಲ್ಲ ಡೆಹ್ರಾಡೂನಿಗೆ, ಪಠಾಣಕೋಟಿಗೆ, ಕಾಠಗೋದಾಮಿಗೆ ಟಿಕೆಟ್ಟು ಕೊಟ್ಟವರು. ತಾವು ಮಾತ್ರ ನಾಗಪುರದಿಂದ ಆಚೆ ಹೋದವರಲ್ಲ. ಕಿಟಕಿಯ ಆಚೆ ನಿಂತವರು ದಪ್ಪ ಬೂಟು, ಉದ್ದನೆಯ ಬೆನ್ನುಚೀಲ ಹೊತ್ತು ಬಂದರೆ, ಚಿಲ್ಲರೆ ಕೊಡುವ ನೆಪದಲ್ಲಿ “ಎಲ್ಲಿತನಕ ನಡೀತೀರಿ?” ಎಂದು ಕೇಳಿಕೊಳ್ಳುತ್ತಿದ್ದರಂತೆ. ಸರತಿಯಲ್ಲಿ ಹಿಂದೆ ನಿಂತವರು ಬೈಯುತ್ತಿದ್ದರಂತೆ. ಬೆಟ್ಟಕ್ಕೆ ಕರೆದೊಯ್ಯುವ ಕಂಪನಿಯವರು ಅರವತ್ತು ತುಂಬಿದವರನ್ನು ಸೇರಿಸಿಕೊಳ್ಳುವುದಿಲ್ಲ. ಉಮಾಬಾಯಿಯವರಿಗೆ ಅರವತ್ತು ತುಂಬುವುದು ಫೆಬ್ರವರಿಯಲ್ಲಿ. ರುದ್ರಧುರಾಕ್ಕೆ ಕಂಪನಿಯವರು ಹೊರಡುವುದು ವರ್ಷಕ್ಕೊಮ್ಮೆ, ಸೆಪ್ಟೆಂಬರಿನಲ್ಲಿ. ಈ ಒಂದು ಸೆಪ್ಟೆಂಬರಿನ ಸಲುವಾಗಿ ಅವರು ನೌಕರಿಯನ್ನು ವರ್ಷ ಮೊದಲೇ ಬಿಟ್ಟರು. ಇದನ್ನು ಬಳಗವು ಆತುರ ಎಂದು ನಮೂದಿಸಿಕೊಂಡಿತು.

ಯುಗಾದಿಯ ಸಭೆಯಲ್ಲಿ, ಹೋಳಿಗೆ ಊಟ ಆದ ಮೇಲಿನ ಉತ್ಸಾಹದಲ್ಲಿ, ಹನ್ನೆರಡು ಮಂದಿಯನ್ನು ಹಿಮಾಲಯಕ್ಕೆ ಕಳುಹಿಸುವುದೆಂದು ಬಳಗ ಠರಾಯಿಸಿತು. ಕೂಡಲೇ ಚಾರಣ ಪೂರ್ವಸಿದ್ಧತಾ ಉಪಸಮಿತಿ ರಚನೆಯಾಯಿತು. ಅಧ್ಯಕ್ಷರು ಕಲ್ಯಾಣಪ್ಪನವರು, ಹನ್ನೆರಡರಲ್ಲಿ ತಾವೂ ಒಬ್ಬರು. ಹುಮನಾಬಾದಿನವರು. ಮೆಹದಿಪಟ್ಟಣದಲ್ಲಿ ಅವರದು ಸ್ಟೀಲ್ ಪಾತ್ರೆಯ ದೊಡ್ಡ ಅಂಗಡಿ. ಎತ್ತರದ ಬಗ್ಗೆ ಅವರಿಗಿದ್ದ ಅನುಭವ ಅಂಗಡಿಯ ಅಟ್ಟದ್ದು, ಅಲ್ಲಿಗೂ ಅವರು ಆಳನ್ನೇ ಹತ್ತಿಸುತ್ತಿದ್ದರು. ಇದನ್ನು ಬರೆಯುತ್ತಿರುವ ನಾನು ಹೊರದೇಶಗಳಲ್ಲಿ ನಾಲ್ಕಾರು ಬೆಟ್ಟ ಹತ್ತಿದವಳಾದ್ದರಿಂದ ನನ್ನನ್ನು ಉಪಸಮಿತಿಗೆ ತೆಗೆದುಕೊಳ್ಳಲಿಲ್ಲ. ಅನುಭವವಿದ್ದವರು ಪೂರ್ವಗ್ರಹದಿಂದ ಮಾತಾಡುವ ಸಂಭವವಿರುತ್ತದೆ.

ಕಾರ್ಯದರ್ಶಿ ಹುಲಗೇಶರು. ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ದಾಖಲೆ ವಿಭಾಗದ ಮುಖ್ಯಸ್ಥರು. ಔಷಧ ಕಾರ್ಖಾನೆಗಳಲ್ಲಿ ಒಂದು ಪದ್ಧತಿ ಇದೆ. ಮಾಡಿದ ಕೆಲಸವನ್ನು ಆ ಹೊತ್ತಿಗೇ ಬರೆದು ಸಹಿ ಹಾಕದಿದ್ದರೆ ಆ ಕೆಲಸ ಆಗಿಲ್ಲವೆಂದೇ ಅರ್ಥ. ಮಾತ್ರೆ ನುಂಗುವವರ ಜೀವದ ದೃಷ್ಟಿಯಿಂದ ಇದು ಒಳ್ಳೆಯ ಪದ್ಧತಿ. ಹುಲಗೇಶರು ಅದನ್ನು ಬಳಗಕ್ಕೂ ತಂದರು. ತರುವಾಗ ಅದರ ಇನ್ನೊಂದು ಮಗ್ಗುಲೂ ಜೊತೆಗೇ ಬಂತು. ಬರೆದು ಸಹಿ ಹಾಕಿದರೆ ಆ ಕೆಲಸ ಆದಂತೆ.

ಏಪ್ರಿಲ್ ಮೊದಲ ವಾರದಲ್ಲಿ ಈ ಕೆಳಗಿನ ಸುತ್ತೋಲೆ ಹೊರಟಿತು.

“ವಿಷಯ: ನಡಿಗೆಯ ಅಭ್ಯಾಸ. ಚಾರಣಿಗರು ಪ್ರತಿ ಭಾನುವಾರ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ತದನಂತರ ಆರು ಕಿಲೋಮೀಟರು ನಡೆಯತಕ್ಕದ್ದು. ಸಹಿ ಇಲ್ಲದ ನಡಿಗೆಯನ್ನು ನಡಿಗೆಯೆಂದು ಪರಿಗಣಿಸಲಾಗುವುದಿಲ್ಲ. ಪುಸ್ತಕವು ಕಾರ್ಯದರ್ಶಿಗಳ ವಶದಲ್ಲಿರುತ್ತದೆ.”

ಕಾರ್ಯದರ್ಶಿಗಳು ಭಾನುವಾರ ಏಳುವುದು ಒಂಬತ್ತಕ್ಕೆ. ಪುಸ್ತಕ ಬಗಲಲ್ಲಿಟ್ಟುಕೊಂಡು ಮೈದಾನಕ್ಕೆ ಬರುವಷ್ಟರಲ್ಲಿ ಹತ್ತು. ಹೈದರಾಬಾದಿನ ಬೇಸಿಗೆಯಲ್ಲಿ ಹತ್ತು ಗಂಟೆಗೆ ರಸ್ತೆಯ ಟಾರು ಚಪ್ಪಲಿಗೆ ಅಂಟುತ್ತದೆ. ಚಾರಣಿಗರು ಸರತಿಯಲ್ಲಿ ನಿಂತು ಸಹಿ ಮಾಡಿ, ಆಕಾಶ ನೋಡಿ, ಎದುರಿನ ಹೋಟೆಲಿಗೆ ನಡೆದು ಚಹಾ ಕುಡಿದರು. ಎರಡನೇ ವಾರ ಯಾರೋ ಒಬ್ಬರು, ಸಹಿ ಆದ ಮೇಲೆ ಇನ್ನು ನಡೆಯುವುದು ಯಾರ ಸಲುವಾಗಿ ಎಂದು ಕೇಳಿದರಂತೆ. ಮೂರನೇ ವಾರದಿಂದ ಪುಸ್ತಕವನ್ನು ನೇರವಾಗಿ ಹೋಟೆಲಿಗೇ ತರಲಾಯಿತು.

ಉಮಾಬಾಯಿಯವರು ಮಾತ್ರ ಮೈದಾನಕ್ಕೂ ಬರಲಿಲ್ಲ, ಹೋಟೆಲಿಗೂ ಬರಲಿಲ್ಲ. ಅವರು ದಿನಾ ಬೆಳಿಗ್ಗೆ ಐದಕ್ಕೆ ಎದ್ದು, ಬೆನ್ನುಚೀಲದಲ್ಲಿ ಹತ್ತು ಕಿಲೋ ಜೋಳ ತುಂಬಿಕೊಂಡು, ಮನೆಯಿಂದ ಮೌಲಾಲಿ ಗುಡ್ಡದವರೆಗೆ ನಡೆದು, ಅದರ ನಾನೂರು ಚಿಲ್ಲರೆ ಮೆಟ್ಟಿಲುಗಳನ್ನು ಮೂರು ಸಲ ಹತ್ತಿ ಇಳಿಯುತ್ತಿದ್ದರು. ಜೂನ್ ತಿಂಗಳ ಸಭೆಗೆ ಬಂದು ಹುಲಗೇಶರ ಮುಂದೆ ಕೂತರು.

“ನಾ ದಿನಾ ಗುಡ್ಡ ಹತ್ತಾಕತ್ತೀನ್ರಿ. ಬರಕೋರಿ,” ಎಂದರು.

“ಯಾರ ನೋಡ್ಯಾರ್ರಿ?”

“ದರ್ಗಾದ ಮುಂದ ಹೂವು ಮಾರೋ ಮಂದಿ ನೋಡ್ತಾರ. ಮೊನ್ನೆ ಒಬ್ಬಾಕಿ ನೀರು ಕೊಟ್ಲು.”

“ಅವರು ಬಳಗದ ಸದಸ್ಯರೇನ್ರಿ?”

“ಅಲ್ರಿ.”

“ಅಂದ್ರ ಯಾರೂ ನೋಡಿಲ್ರಿ ಬಾಯಾರ.” ಹುಲಗೇಶರು ಉಮಾಬಾಯಿಯವರ ಹೆಸರಿನ ಎದುರು ಸೊನ್ನೆ ಬರೆದು, ಸೊನ್ನೆಯ ಮೇಲೆ ಸಹಿ ಹಾಕಿ, ದಿನಾಂಕ ನಮೂದಿಸಿದರು. “ಬ್ಯಾಸರ ಮಾಡಿಕೋಬ್ಯಾಡ್ರಿ. ಭಾನುವಾರ ಚಹಾಕ್ಕ ಬರ್ರಿ. ಆರು ಕಿಲೋಮೀಟರ್ ಹಿಂಗ ಬರೀತೀನಿ.”

ಎತ್ತರಕ್ಕೆ ಮೈ ಒಗ್ಗಿಸುವ ಕೆಲಸವನ್ನೂ ಉಪಸಮಿತಿ ನಿರ್ಲಕ್ಷಿಸಲಿಲ್ಲ. ಬಳಗದ ಹಾಲ್ ಇರುವುದು ಕಲ್ಯಾಣಪ್ಪನವರ ಅಂಗಡಿಯ ಮೇಲೆ, ಹದಿನೆಂಟು ಮೆಟ್ಟಿಲು. ಸಭೆಗೆ ಬಂದವರೆಲ್ಲ ಆ ದಿನ ಎತ್ತರವನ್ನು ಏರಿದ್ದಾರೆಂದು ಬರೆಯಲಾಯಿತು. ಚಳಿಯ ಅಭ್ಯಾಸಕ್ಕಾಗಿ ಎ.ಸಿ.ಯನ್ನು ಹದಿನಾರಕ್ಕೆ ಇಟ್ಟು ಸಭೆ ನಡೆಸತಕ್ಕದ್ದೆಂದು ಇನ್ನೊಂದು ಸುತ್ತೋಲೆ ಬಂತು. ಅಷ್ಟರಲ್ಲಿ ಬಟ್ಟೆ ಅಂಗಡಿಯ ದಾನಿಯೊಬ್ಬರು ಚಾರಣಿಗರಿಗೆಂದು ಹನ್ನೆರಡು ಉಣ್ಣೆಯ ಜಾಕೆಟ್ಟು ಕಳುಹಿಸಿದರು. ಎ.ಸಿ.ಯ ನೇರ ಗಾಳಿಗೆ ಕೂರುವವರು ಪದಾಧಿಕಾರಿಗಳಾದ್ದರಿಂದ ಮೊದಲು ಅವರಿಗೆ, ನಂತರ ಅವರ ಮನೆಯವರಿಗೆ, ಉಳಿದದ್ದು ಹಿರಿತನದ ಮೇಲೆ ಹಂಚಿಕೆಯಾಯಿತು. ಉಮಾಬಾಯಿಯವರ ಪಾಲಿಗೆ ಒಂದು ಸೀಟಿ ಬಂತು. ಹಾದಿ ತಪ್ಪಿದರೆ ಊದಬೇಕೆಂದು ಹೇಳಿ ಕೊಟ್ಟರು.

ಇಷ್ಟರ ಮಟ್ಟಿಗೆ ಎಲ್ಲ ಸುಸೂತ್ರವಾಗಿತ್ತು. ತೊಡಕು ಬಂದದ್ದು ಸನ್ಮಾನದ ದಿನಾಂಕದಲ್ಲಿ.

ನಮ್ಮ ಬಳಗದಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿ ಇಲ್ಲದೆ ಯಾವ ಕೆಲಸವೂ ಮುಗಿದಂತಾಗುವುದಿಲ್ಲ. ಚಾರಣಿಗರು ಸೆಪ್ಟೆಂಬರಿನಲ್ಲಿ ಹೋಗಿ ಬಂದ ಮೇಲೆ ಅಕ್ಟೋಬರಿನಲ್ಲಿ ಸನ್ಮಾನ ಎಂದು ಗೊತ್ತಾಗಿತ್ತು. ಮುಖ್ಯ ಅತಿಥಿಯಾಗಿ ಒಪ್ಪಿದ್ದವರು ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ಅಧಿಕಾರಿ. ಅವರು ಫೋನು ಮಾಡಿ, ತಾವು ಮಗಳ ಮನೆಗೆಂದು ಆಸ್ಟ್ರೇಲಿಯಾಕ್ಕೆ ಹೋಗುವುದರಿಂದ ಆಗಸ್ಟ್ ಇಪ್ಪತ್ತನಾಲ್ಕರ ಸಂಜೆ ನಾಲ್ಕರಿಂದ ಐದರವರೆಗೆ ಮಾತ್ರ ಸಿಗುವುದಾಗಿ ತಿಳಿಸಿದರು. ಉಪಸಮಿತಿ ತುರ್ತಾಗಿ ಸೇರಿತು. ಹಿಮಾಲಯ ಎಲ್ಲಿಗೂ ಹೋಗುವುದಿಲ್ಲ, ಮುಖ್ಯ ಅತಿಥಿ ಹೋಗುತ್ತಾರೆ ಎಂಬುದು ಕಲ್ಯಾಣಪ್ಪನವರ ವಾದ. ಮರಳಿ ಬಂದವರ ಸನ್ಮಾನವನ್ನು ಹೊರಡುವ ಮೊದಲೇ ಮುಗಿಸಲು ಮಂಜೂರಾತಿ ದೊರೆಯಿತು.

ಬ್ಯಾನರಿಗೆ ಫೋಟೋ ಬೇಕಲ್ಲ. ಚಾರಣಿಗರಲ್ಲಿ ಒಬ್ಬಳಾದ ಕೃಪಾ ಉಡುಪಿಯ ಹುಡುಗಿ, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಹಾಲ್‌ನ ಗೋಡೆಗೆ ತಾನೂ ಸೇರಿ ಹನ್ನೊಂದು ಮಂದಿ ನಿಂತ ಫೋಟೋ ತೆಗೆದು, ಅದರ ಹಿಂದೆ ಬೆಟ್ಟ ಕೂಡಿಸಲು ಕೂತಳು. ಉಮಾಬಾಯಿ ಆ ದಿನ ಗುಡ್ಡದ ಮೇಲಿದ್ದರು.

“ಹಿಮ ಎಷ್ಟು ಹಾಕ್ಲಿ ಅಂಕಲ್?” ಎಂದು ಕೃಪಾ ಕೇಳಿದಳು.

ಕಲ್ಯಾಣಪ್ಪನವರು ಯೋಚಿಸಿ, “ಮೊಣಕಾಲ ಮಟ ಇರ್ಲಿ ತಂಗಿ,” ಎಂದರು. “ಭಾಳ ಹಾಕಬ್ಯಾಡ. ಮಂದಿ ನಂಬಬೇಕಲ್ಲ.”

“ನಿಮ್ಮ ಕಾಲಲ್ಲಿ ಚಪ್ಪಲಿ ಉಂಟಲ್ಲ ಮತ್ತೆ.”

“ಅದಕ್ಕ ಮೊಣಕಾಲ ಮಟ ಅಂದೆ.”

ಇಪ್ಪತ್ತನಾಲ್ಕರ ಸಂಜೆ ಹಾಲ್ ತುಂಬಿತ್ತು. ಹನ್ನೆರಡು ಮಂದಿಯೂ ವೇದಿಕೆಯ ಮೇಲಿದ್ದರು. ರುದ್ರಧುರಾವನ್ನು ಯಶಸ್ವಿಯಾಗಿ ದಾಟಿ ಬಂದ ವೀರರು ಎಂದು ಹುಲಗೇಶರು ಒಬ್ಬೊಬ್ಬರ ಹೆಸರನ್ನೂ ಓದಿದರು. ಶಾಲು ಹೊದಿಸುತ್ತ ಬಂದ ಮುಖ್ಯ ಅತಿಥಿಗಳು ಕಲ್ಯಾಣಪ್ಪನವರ ಹತ್ತಿರ ನಿಂತು, ಮೇಲೆ ಚಳಿ ಹೇಗಿತ್ತೆಂದು ವಿಚಾರಿಸಿದರು.

“ಹದಿನಾರು ಇತ್ರಿ ಸರ್,” ಎಂದು ಕಲ್ಯಾಣಪ್ಪನವರು ನಿಜವನ್ನೇ ನುಡಿದರು.

ಪಕ್ಕದಲ್ಲಿದ್ದ ಉಮಾಬಾಯಿ ಶಾಲಿಗೆ ತಲೆ ಬಾಗಿಸದೆ ನಿಂತರು. “ನಾವಿನ್ನೂ ಹೋಗಿಲ್ರಿ ಸಾಹೇಬ್ರ. ಬರೋ ತಿಂಗಳ ಹೊಂಟೀವಿ. ಶಾಲು ಬಂದ ಮ್ಯಾಲೆ ತಗೋತೀನ್ರಿ.”

ಹುಲಗೇಶರು ಮೈಕಿಗೆ ಕೈ ಅಡ್ಡ ಹಿಡಿದರು. ಮುಖ್ಯ ಅತಿಥಿಗಳು ಮಾತ್ರ ವಿಚಲಿತರಾಗಲಿಲ್ಲ. “ಅದಕ್ಕೇನಮ್ಮ,” ಎಂದರು. “ನಾನು ಉದ್ಘಾಟನೆ ಮಾಡಿದ ಸೇತುವೆಗಳಲ್ಲಿ ಎಷ್ಟೋ ಇನ್ನೂ ಕಟ್ಟೇ ಇಲ್ಲ.” ಸಭೆ ದೀರ್ಘ ಚಪ್ಪಾಳೆ ತಟ್ಟಿತು. ಉಳಿದ ಶಾಲನ್ನು ಮೈಕಿನವನಿಗೆ ಹೊದಿಸಲಾಯಿತು. ಹೀಗೆ ಘಾಟಿ ದಾಟಿದವರ ಸಂಖ್ಯೆ ಹನ್ನೊಂದೆಂದು ಸ್ಥಿರವಾಯಿತು.

ಮುಂದಿನ ಸಭೆಯಲ್ಲಿ ಉಮಾಬಾಯಿ ರೈಲಿನ ಟಿಕೆಟ್ಟುಗಳ ಪ್ರತಿ ತಂದಿದ್ದರು. ಹನ್ನೆರಡೂ ಅವರೇ ಮಾಡಿಸಿದ್ದವು, ಕೆಳಗಿನ ಬರ್ತು ಯಾರಿಗೆ ಎಂಬುದನ್ನು ಸಹಿತ ನೋಡಿ.

“ಹನ್ನೊಂದನೇ ತಾರೀಖಿಗೆ ಗಾಡಿ ಐತ್ರಿ. ಎಲ್ಲಾರೂ ಮುಂಜಾನೆ ಐದಕ್ಕ ಸ್ಟೇಷನ್‌ನ್ಯಾಗ ಇರ್ರಿ,” ಎಂದರು.

ಹುಲಗೇಶರು ಕನ್ನಡಕ ತೆಗೆದು ಒರೆಸುತ್ತ ಹೇಳಿದರು. “ಬಾಯಾರ, ನಮ್ಮ ಫ್ಯಾಕ್ಟರ್ಯಾಗ ಒಂದು ಬ್ಯಾಚ್ ಮಾತ್ರೆ ತಯಾರಾತು, ತಪಾಸಣಿ ಆತು, ಸಹಿ ಆತು, ಲಾರಿ ಹತ್ತಿತು. ಆಮ್ಯಾಲೆ ಯಾರರ ಬಂದು, ಬರ್ರಿ ಈಗ ಅದನ್ನ ತಯಾರ ಮಾಡೋಣು ಅಂದ್ರ ಏನಂತಾರ್ರಿ?”

“ಮಾತ್ರಿ ಅಲ್ರಿ ಇದು. ಗುಡ್ಡ.”

“ದಾಖಲಿ ದಾಖಲೀನ ಅಲ್ರಿ. ಈಗ ನಾವು ಹ್ವಾದ್ವಿ ಅಂದ್ರ ಮೊದಲ ಹೋಗಿದ್ದಿಲ್ಲ ಅಂದಂಗಾತು. ಆ ಹಾಳಿ ಮ್ಯಾಲೆ ಹನ್ನೊಂದು ಮಂದಿ ಸಹಿ ಐತಿ. ಮುಖ್ಯ ಅತಿಥಿಗಳದೂ ಐತಿ. ಅವರು ವಿಮಾನ ಹತ್ಯಾರ.”

ಕಲ್ಯಾಣಪ್ಪನವರು ಅಧ್ಯಕ್ಷರ ನೆಲೆಯಿಂದ ಇನ್ನೊಂದು ಅಂಶವನ್ನು ಸಭೆಯ ಗಮನಕ್ಕೆ ತಂದರು. “ಒಮ್ಮೆ ಸುಖವಾಗಿ ಬಂದೀವಿ. ಮತ್ತ ಹೋಗಿ ಕಾಲು ಮುರಕೊಂಡ್ರ ಯಾರ್ರಿ ಜವಾಬ್ದಾರಿ?”

ಸುರಕ್ಷತೆಯ ಕಾರಣದಿಂದ ಹನ್ನೊಂದು ಟಿಕೆಟ್ಟು ರದ್ದು ಮಾಡಲು ಒಮ್ಮತದಿಂದ ತೀರ್ಮಾನವಾಯಿತು. ಎದ್ದು ಹೋಗುವಾಗ ಬಹಳ ಮಂದಿಯ ಮುಖ ಹಗುರಾಗಿತ್ತು. ಮೆಟ್ಟಿಲಿನಲ್ಲಿ ಕೃಪಾ ಉಮಾಬಾಯಿಯವರ ಕೈ ಹಿಡಿದುಕೊಂಡಳು.

“ನನಗೆ ರಜೆಯೇ ಸಿಕ್ಕಿರ್ಲಿಲ್ಲ ಉಮಕ್ಕ. ಹೇಗೆ ಹೇಳುದು ಅಂತ ಗೊತ್ತಾಗ್ದೆ ಒದ್ದಾಡ್ತಿದ್ದೆ. ಒಳ್ಳೇದೇ ಆಯ್ತು ಮಾರಾಯ್ರೆ. ಊರಲ್ಲಿ ಅಮ್ಮ ಫೋಟೋಕ್ಕೆ ಕಟ್ಟು ಹಾಕ್ಸಿ ಆಗಿದೆ.”

“ನಿಂಗ ನೋಡಬೇಕು ಅನಸೂದಿಲ್ಲೇನವಾ?”

“ನೋಡಿದ್ದೇನಲ್ಲ. ಬೆಟ್ಟ ಹುಡುಕಿ ಕೂಡಿಸಿದ್ದು ನಾನೇ ಅಲ್ವಾ.”

ಉಮಾಬಾಯಿ ಹೋದರು. ಕಂಪನಿಯವರು ಬಳಗದಿಂದ ತರಬೇತಿಯ ಪತ್ರ ಕೇಳಿದ್ದರು. ಹಾಜರಿ ಪುಸ್ತಕದಲ್ಲಿ ಅವರ ಎದುರು ಐದು ತಿಂಗಳ ಸೊನ್ನೆಗಳಿದ್ದುದರಿಂದ ಹುಲಗೇಶರಿಗೆ ಅದನ್ನು ಕೊಡಲಾಗಲಿಲ್ಲ, ಮನಸ್ಸಿಗೆ ನೋವಾಯಿತೆಂದು ಸಹ ಹೇಳಿದರು. ಇನ್ನೂ ಅರವತ್ತು ಆಗಿರದ ಕಾರಣ ವೈದ್ಯರ ಚೀಟಿಯೊಂದೇ ಸಾಕೆಂದು ಕಂಪನಿಯವರು ಅವರೊಬ್ಬರನ್ನೇ ಆಗಲೇ ಹೊರಡಲಿದ್ದ ಬೇರೆ ಊರಿನವರ ತಂಡಕ್ಕೆ ಸೇರಿಸಿಕೊಂಡರು. ಹನ್ನೊಂದನೆಯ ತಾರೀಖು ಬೆಳಿಗ್ಗೆ ಗಾಡಿ ಹೊರಟಿತು. ಬೀಳ್ಕೊಡಲು ಯಾರೂ ಹೋಗಲಿಲ್ಲ. ಮುಗಿದ ಚಾರಣಕ್ಕೆ ಬೀಳ್ಕೊಡುಗೆ ಇರುವುದಿಲ್ಲ.

ಹದಿನೆಂಟು ದಿನದ ಮೇಲೆ ಮೂಗಿನ ಚರ್ಮ ಸುಲಿದು, ಎಡಗಾಲ ಹೆಬ್ಬೆರಳ ಉಗುರು ಕಪ್ಪಾಗಿ ಬಂದರು. ಮೂರನೇ ದಿನ ತಲೆನೋವಿಗೆ ಹಿಂದಿರುಗೋಣ ಅನ್ನಿಸಿತ್ತಂತೆ. ಎಂಟನೇ ದಿನ ಮಧ್ಯಾಹ್ನದ ಒಳಗೆ ಘಾಟಿ ಮುಟ್ಟಿದರಂತೆ. ಮೇಲೆ ಏನು ಮಾಡಿದಿರಿ ಎಂದು ನಾನು ಕೇಳಿದೆ. “ಕೂತಿದ್ದೆ,” ಎಂದರು. ಎಷ್ಟು ಹೊತ್ತು ಎಂದರೆ, “ಏಳ್ರಿ ಅನ್ನೂತನಕ.” ಬಳಗದ ವರದಿಯ ನಮೂನೆಯಲ್ಲಿ ಅನಿಸಿಕೆಗಳಿಗೆ ಕನಿಷ್ಠ ಇನ್ನೂರು ಪದ ಬೇಕು. ಇದು ಸಾಲುವುದಿಲ್ಲ.

ದಸರೆಯ ಮುಂದೆ ಹಾಲಿನಲ್ಲಿ ಕಲ್ಯಾಣಪ್ಪನವರ ಅನುಭವ ಕಥನ ಏರ್ಪಾಡಾಗಿತ್ತು. ಉಮಾಬಾಯಿ ಎರಡನೇ ಸಾಲಿನಲ್ಲಿ ಕೂತಿದ್ದರು. ಘಾಟಿಯ ಮೇಲೆ ಮೊಣಕಾಲ ಮಟ ಹಿಮ ಇದ್ದುದನ್ನೂ, ತಾವು ಅದನ್ನು ತುಳಿಯುತ್ತ ಕಿರಿಯರಿಗೆ ಧೈರ್ಯ ಹೇಳಿದ್ದನ್ನೂ ಕಲ್ಯಾಣಪ್ಪನವರು ವಿವರಿಸುತ್ತಿದ್ದರು. ಈಗಾಗಲೇ ಏಳೆಂಟು ಕಡೆ ಹೇಳಿದ್ದರಿಂದ ಅವರ ಕಣ್ಣು ಸರಿಯಾದ ಜಾಗದಲ್ಲಿ ತುಂಬಿ ಬರುತ್ತಿತ್ತು.

“ಮ್ಯಾಲೆ ಹಿಮ ಇರಲಿಲ್ರಿ ಅಣ್ಣಾರ,” ಎಂದು ಉಮಾಬಾಯಿ ಮೆಲ್ಲಗೆ ಹೇಳಿದರು. “ಬರೇ ಕಲ್ಲು. ಗಾಳಿ ಭಾಳ.”

ಹುಲಗೇಶರು ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದರು. “ಇತ್ರಿ ಬಾಯಾರ. ನಲವತ್ತೆರಡನೇ ಪುಟ. ಫೋಟೋನೂ ಹಚ್ಚೈತಿ.”

“ನಾ ಹೋಗಿ ನೋಡಿ ಬಂದೀನ್ರಿ.”

“ಅಂದ್ರ ನೀವು ಬ್ಯಾರೆ ಗುಡ್ಡಕ್ಕ ಹೋಗೀರಿ.”

ಸಭೆಗೆ ಇದು ತಕ್ಷಣ ಸರಿಯೆನಿಸಿತು. ಒಬ್ಬರೇ ಹೋದವರು, ವಯಸ್ಸಾದವರು, ಭಾಷೆ ಬೇರೆ, ಹಾದಿ ತಪ್ಪಿರಬಹುದು. ಹನ್ನೊಂದು ಮಂದಿ ಒಂದೇ ಮಾತು ಹೇಳುವಾಗ ಒಬ್ಬರು ಇನ್ನೊಂದು ಹೇಳಿದರೆ ಬೆಟ್ಟ ಯಾರ ಕಡೆ ಇರುತ್ತದೆಂದು ಯಾರಿಗಾದರೂ ತಿಳಿಯುತ್ತದೆ. ಹತ್ತಿರ ಕೂತಿದ್ದ ಹೆಂಗಸೊಬ್ಬರು ಉಮಾಬಾಯಿಯವರ ಭುಜ ಸವರಿ, “ಹೋಗ್ಲಿ ಬಿಡ್ರಿ, ಸುಖವಾಗಿ ಬಂದ್ರಲ್ಲ,” ಎಂದು ಸಮಾಧಾನ ಹೇಳಿದರು. ಉಮಾಬಾಯಿಯವರು ಆಮೇಲೆ ಆ ವಿಷಯ ಎತ್ತಲಿಲ್ಲ.

ತಪ್ಪು ಮಾತುಗಳು ಹುಟ್ಟಿದ್ದು ಇಲ್ಲಿಯೇ. ಅವರು ಬಳಗದ ಮೇಲೆ ಮುನಿಸಿಕೊಂಡಿದ್ದಾರೆಂದು ಕೆಲವರು, ಬಳಗವೇ ಅವರನ್ನು ಹೊರಗಿಟ್ಟಿದೆಯೆಂದು ಕೆಲವರು ಆಡಿಕೊಳ್ಳುತ್ತಾರೆ. ಎರಡೂ ನಿಜವಲ್ಲ.

ನಿಜವೆಂದರೆ, ಉಮಾಬಾಯಿಯವರಿಗೆ ಅದು ಒಂದೇ ಸಲಕ್ಕೆ ಮುಗಿಯಲಿಲ್ಲ. ಘಾಟಿಯ ಮೇಲೆ ಕೂತಿದ್ದಾಗ ಆಚೆ ಕಡೆ ಇನ್ನೊಂದು ಸಾಲು ಬೆಟ್ಟ ಕಂಡಿತ್ತಂತೆ. ಅಲ್ಲಿಗೆ ಹದಿನಾರು ದಿನದ ದಾರಿ. ಫೆಬ್ರವರಿಯಲ್ಲಿ ಅರವತ್ತು ತುಂಬಿತು. ಕಂಪನಿಗೆ ಫೋನು ಮಾಡಿದರೆ, ನಿಯಮಕ್ಕೆ ಒಂದು ಸಡಿಲಿಕೆ ಇದೆಯೆಂದು ಗೊತ್ತಾಯಿತು. ನೋಂದಾಯಿತ ಸಂಸ್ಥೆಯೊಂದು ತಾನೇ ತರಬೇತಿ ಕೊಟ್ಟು, ಅನುಭವಿ ಚಾರಣಿಗರ ಮೇಲ್ವಿಚಾರಣೆಯಲ್ಲಿ ಕಳುಹಿಸಿದರೆ ಅರವತ್ತೈದರವರೆಗೆ ಅವಕಾಶವುಂಟು. ಅಂಥ ಸಂಸ್ಥೆ ಹೈದರಾಬಾದಿನಲ್ಲಿ ಯಾವುದು ಎಂದು ಕೇಳಿದ್ದಕ್ಕೆ, ಮೂಸಿತೀರ ಕನ್ನಡ ಬಳಗದಲ್ಲಿ ರುದ್ರಧುರಾ ದಾಟಿದ ಹನ್ನೊಂದು ಮಂದಿ ಇದ್ದಾರೆ, ಬಳಗವೇ ಸಹಿ ಮಾಡಿದ ಅವರ ಪ್ರಮಾಣಪತ್ರಗಳು ನಮ್ಮ ಹತ್ತಿರ ಬಂದಿವೆ, ಅವರನ್ನೇ ವಿಚಾರಿಸಿ ಎಂದು ಕಂಪನಿಯವರು ಹೇಳಿದರು.

ಮರುದಿನ ಉಮಾಬಾಯಿ ಮೆಹದಿಪಟ್ಟಣದ ಬಸ್ಸು ಹಿಡಿದು ಬಂದು, ಪಾತ್ರೆಗಳ ನಡುವೆ ಕಲ್ಯಾಣಪ್ಪನವರ ಎದುರು ಸ್ಟೂಲಿನ ಮೇಲೆ ಕೂತರು. ಹುಲಗೇಶರನ್ನು ಕರೆಸಲಾಯಿತು. ಅವರು ಅರ್ಜಿಯ ನಮೂನೆಯನ್ನು ಮುಂದಿಟ್ಟು, ಹಿಂದಿನ ಚಾರಣದ ಅನುಭವ ಎಂಬ ಜಾಗದಲ್ಲಿ ಬೆರಳಿಟ್ಟರು.

“ಇಲ್ಲಿ ನಮ್ಮ ಪುಸ್ತಕದ ಪ್ರಕಾರ ಬರೀಬೇಕ್ರಿ ಬಾಯಾರ. ಇಲ್ಲಾಂದ್ರ ಎರಡೂ ತಾಳೆ ಆಗೂದಿಲ್ಲ, ಅರ್ಜಿ ತಿರುಗಿ ಬರ್ತೈತಿ.”

ಉಮಾಬಾಯಿ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ರಿಸರ್ವೇಷನ್ ಕೌಂಟರಿನಲ್ಲಿ ಎಷ್ಟೋ ಸಾವಿರ ಅರ್ಜಿ ತಿರುಗಿಸಿದ್ದವರು. ಪೆನ್ನು ತೆಗೆದುಕೊಂಡು, “ಇಲ್ಲ” ಎಂದು ದುಂಡಗೆ ಬರೆದು, ಕೆಳಗೆ ಸಹಿ ಮಾಡಿದರು.

ಮೇಲ್ವಿಚಾರಕರ ಜಾಗದಲ್ಲಿ ಕಲ್ಯಾಣಪ್ಪನವರು ಸಹಿ ಹಾಕಿ, ಹಾಳೆಯನ್ನು ಮಡಚುತ್ತ, ಎದುರಿಗೆ ಸುಮ್ಮನೆ ಕೂತವರ ಮುಖ ನೋಡಿದರು. ಅವರಿಗೆ ಮರುಕ ಬಂತು.

“ಹೆದರಬ್ಯಾಡ್ರಿ ಬಾಯಾರ,” ಎಂದರು. “ಮೊದಲನೇ ಸಲ ಎಲ್ಲಾರಿಗೂ ಹಂಗ ಅನಸ್ತೈತಿ.”

“ಹೌದ್ರಿ,” ಎಂದರು ಉಮಾಬಾಯಿ.